ಬಿಸಿಲಿದ್ದೂ ಬರಿದಾಗುವ ಬ್ಯಾಟರಿ

ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಹೊತ್ತ ಕ್ಯಾಂಪರ್ ವ್ಯಾನ್ ಮೂರು ವಾರ ಮನೆಯ ಮುಂದೆ ನಿಂತಿರುತ್ತದೆ. ಬಿಸಿಲಿಗೇನೂ ಕೊರತೆ ಇರುವುದಿಲ್ಲ. ಪ್ರವಾಸ ಹೊರಡುವ ದಿನ ಬೆಳಿಗ್ಗೆ ಸ್ವಿಚ್ ಒತ್ತಿದರೆ ಒಳಗಿನ ದೀಪ ಮಿಣುಮಿಣು ಎನ್ನುತ್ತದೆ, ನೀರಿನ ಪಂಪ್ ಎರಡು ಸಲ ಗೊರಗುಟ್ಟಿ ಸುಮ್ಮನಾಗುತ್ತದೆ, ಫ್ರಿಜ್ ಆನ್ ಆಗುವುದೇ ಇಲ್ಲ. ‘ಬ್ಯಾಟರಿ ಹೋಗಿದೆ’ ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ. ಹತ್ತಾರು ಸಾವಿರ ಕೊಟ್ಟು ಹೊಸದನ್ನು ತಂದದ್ದೂ ಆಗುತ್ತದೆ. ಆರು ತಿಂಗಳ ಬಳಿಕ ಮತ್ತೆ ಅದೇ ಮಿಣುಕು ದೀಪ. ಇಂಥ ವಾಹನಗಳಲ್ಲಿ ಬ್ಯಾಟರಿ ತಾನಾಗಿ ಕೆಡುವುದಕ್ಕಿಂತ ಹೊಟ್ಟೆ ತುಂಬ ಚಾರ್ಜ್ ಸಿಗದೆ ಕೆಡುವುದು ಹೆಚ್ಚು. ಚಾರ್ಜ್ ಏಕೆ ಸಿಗಲಿಲ್ಲ ಎಂದು ಹುಡುಕದೆ ಹೊಸ ಬ್ಯಾಟರಿ ಕೂರಿಸಿದರೆ, ಹಳೆಯದನ್ನು ಕೊಂದ ಕಾರಣವೇ ಹೊಸದನ್ನೂ ಕೊಲ್ಲುತ್ತದೆ.

ಈ ವ್ಯವಸ್ಥೆಯಲ್ಲಿ ಮುಖ್ಯವಾದವು ನಾಲ್ಕು. ಪ್ಯಾನೆಲ್ ಬಿಸಿಲನ್ನು ವಿದ್ಯುತ್ತಾಗಿಸುತ್ತದೆ. ಚಾರ್ಜ್ ಕಂಟ್ರೋಲರ್ ಅದನ್ನು ಬ್ಯಾಟರಿಗೆ ಒಗ್ಗುವ ವೋಲ್ಟೇಜಿಗೆ ತಂದು ಕೊಡುತ್ತದೆ, ಬ್ಯಾಟರಿ ತುಂಬಿದ ಮೇಲೆ ತಡೆಯುತ್ತದೆ. ಬ್ಯಾಟರಿ ಕೂಡಿಡುತ್ತದೆ. ದೀಪ, ಫ್ಯಾನ್, ಪಂಪ್, ಫ್ರಿಜ್, ಇನ್ವರ್ಟರ್‌ಗಳು ಖರ್ಚು ಮಾಡುತ್ತವೆ. ಇವುಗಳ ನಡುವೆ ವೈರ್, ಫ್ಯೂಸ್, ಕನೆಕ್ಟರ್, ಮೇನ್ ಸ್ವಿಚ್ಚುಗಳಿರುತ್ತವೆ. ಮಲೆನಾಡಿನ ಒಂಟಿಮನೆಗಳಲ್ಲಿ ಕರೆಂಟ್ ಹೋದಾಗ ಉರಿಯುವ ಸೋಲಾರ್ ದೀಪಗಳದ್ದೂ ಇದೇ 12 ವೋಲ್ಟಿನ ಜೋಡಣೆ. ಆದರೆ ಮನೆಯ ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ಕೂತಿರುತ್ತದೆ. ವ್ಯಾನಿನದು ಚಾವಣಿಗೆ ಅಂಟಿ ಮಟ್ಟಸವಾಗಿ ಮಲಗಿರುತ್ತದೆ. ಮನೆಯ ವೈರ್ ಒಮ್ಮೆ ಬಿಗಿದರೆ ಬಿಗಿದಂತೆಯೇ ಇರುತ್ತದೆ. ವ್ಯಾನಿನದು ರಸ್ತೆಯ ಪ್ರತಿ ಗುಂಡಿಗೂ ಕುಲುಕುತ್ತದೆ. ಮನೆಗೆ ನೆರಳು ಬೀಳುವ ಹೊತ್ತು ಗೊತ್ತಿರುತ್ತದೆ. ವ್ಯಾನನ್ನು ತಂಪು ಬೇಕೆಂದು ಮರದಡಿಯಲ್ಲೇ ಹುಡುಕಿ ನಿಲ್ಲಿಸುತ್ತಾರೆ. ಓಡಾಡುವ ವಾಹನದ ಸೋಲಾರ್ ಮನೆಯದಕ್ಕಿಂತ ಹೆಚ್ಚು ತಂಟೆ ಕೊಡುವುದು ಇದಕ್ಕೇ.

ತನಿಖೆಗೆ ಬೇಕಾದ ಮೊದಲ ಸಾಧನ ಕೆಲವು ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್. ಮೊದಲ ಅಳತೆಯನ್ನು ಸೂರ್ಯ ಹುಟ್ಟುವ ಮುನ್ನ, ರಾತ್ರಿಯಿಡೀ ಎಲ್ಲ ಸ್ವಿಚ್ ಆರಿಸಿಟ್ಟ ಬಳಿಕ, ನೇರವಾಗಿ ಬ್ಯಾಟರಿಯ ಟರ್ಮಿನಲ್ ಮೇಲೆ ತೆಗೆದುಕೊಳ್ಳಬೇಕು. ಚಾರ್ಜ್ ಆಗುತ್ತಿರುವಾಗ ಇಲ್ಲವೇ ಲೋಡ್ ಎಳೆಯುತ್ತಿರುವಾಗ ಕಾಣುವ ವೋಲ್ಟೇಜ್ ಬ್ಯಾಟರಿಯ ನಿಜವಾದ ಸ್ಥಿತಿಯನ್ನು ಹೇಳುವುದಿಲ್ಲ. ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.8 ವೋಲ್ಟ್ ತೋರುತ್ತದೆ. 12.1ರಿಂದ 12.2 ಎಂದರೆ ಅರ್ಧ ಖಾಲಿ. 11.8ರ ಕೆಳಗೆ ಇಳಿದಿದ್ದರೆ ಬರಿದು ಎಂದೇ ಲೆಕ್ಕ. ತುಂಬಿದ್ದಕ್ಕೂ ಬರಿದಿಗೂ ನಡುವಿನ ಅಂತರ ಒಂದೇ ವೋಲ್ಟ್. ವ್ಯಾನಿನ ಗೋಡೆಯ ಮೇಲೆ ಮೂರೋ ನಾಲ್ಕೋ ಗೆರೆಯಲ್ಲಿ ಬ್ಯಾಟರಿ ತೋರಿಸುವ ಇಂಡಿಕೇಟರನ್ನು ನಂಬಿದವರು ಮೋಸಹೋಗುವುದು ಈ ಕಾರಣಕ್ಕೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಮಾತು ಬೇರೆ. ಅದರ ನಾಲ್ಕು ಸೆಲ್‌ಗಳು ಸೇರಿ 12.8 ವೋಲ್ಟ್ ಎಂದು ಹೆಸರು. ಮುಕ್ಕಾಲು ತುಂಬಿದಾಗಲೂ ಕಾಲು ಉಳಿದಾಗಲೂ ವೋಲ್ಟೇಜ್ 13ರ ಆಚೀಚೆಯೇ ಇರುತ್ತದೆ. ಹೀಗಾಗಿ ವೋಲ್ಟ್ ನೋಡಿ ಉಳಿಕೆ ಅಂದಾಜಿಸಲಾಗದು. ಒಳಹೋದ, ಹೊರಬಂದ ಆಂಪಿಯರ್‌ಗಳನ್ನು ಎಣಿಸುವ ಶಂಟ್ ಮಾದರಿಯ ಬ್ಯಾಟರಿ ಮಾನಿಟರ್ ಬೇಕು. ಇನ್ನೊಂದು ವಿಚಿತ್ರವೂ ಉಂಟು. ಮಿತಿ ಮೀರಿ ಬರಿದಾದರೆ ಇದರೊಳಗಿನ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್, ಸಂಪರ್ಕವನ್ನೇ ಕತ್ತರಿಸುತ್ತದೆ. ಆಗ ಟರ್ಮಿನಲ್‌ನಲ್ಲಿ ಸೊನ್ನೆಗೆ ಹತ್ತಿರದ ವೋಲ್ಟೇಜ್ ಕಂಡು ಬ್ಯಾಟರಿ ಸತ್ತಿತೆಂದು ಎಸೆಯಲು ಹೊರಡುವವರಿದ್ದಾರೆ. ಹಲವು ಸೋಲಾರ್ ಕಂಟ್ರೋಲರ್‌ಗಳು ಬ್ಯಾಟರಿಯಿಂದಲೇ ಜೀವ ಪಡೆಯುವುದರಿಂದ ಈ ಸ್ಥಿತಿಯಲ್ಲಿ ಅವೂ ಏಳುವುದಿಲ್ಲ. ಪ್ಯಾನೆಲ್ ಬಿಸಿಲಲ್ಲಿದ್ದೂ ಏನೂ ನಡೆಯದು. ಲಿಥಿಯಂಗೆ ಹೊಂದುವ ಮೇನ್ಸ್ ಚಾರ್ಜರ್ ಕೊಟ್ಟರೆ ಸಾಮಾನ್ಯವಾಗಿ ಬ್ಯಾಟರಿ ಎಚ್ಚರಗೊಳ್ಳುತ್ತದೆ. ಲಡಾಖ್, ಸ್ಪಿತಿ ಕಡೆಗೆ ವ್ಯಾನ್ ಒಯ್ಯುವವರಿಗೆ ಇದೇ ಬಿಎಂಎಸ್ ಮತ್ತೊಂದು ಅಚ್ಚರಿ ಕಾದಿರಿಸಿರುತ್ತದೆ. ಸೆಲ್‌ಗಳ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಅದು ಚಾರ್ಜ್ ಒಳಬಿಡುವುದಿಲ್ಲ, ಬಿಡಲೂಬಾರದು. ಅದು ದೋಷವಲ್ಲ, ರಕ್ಷಣೆ.

ಎರಡನೆಯ ಅಳತೆ ನಡುಹಗಲಿನದು. ಬಿಸಿಲು ನೆತ್ತಿಯ ಮೇಲಿರುವಾಗ ಅದೇ ಟರ್ಮಿನಲ್ ಮೇಲೆ ಮೀಟರ್ ಇಟ್ಟರೆ ಮೂರರಲ್ಲೊಂದು ಉತ್ತರ ಸಿಗುತ್ತದೆ. ಬೆಳಿಗ್ಗೆ ಕಂಡ ವೋಲ್ಟೇಜೇ ಈಗಲೂ ಇದ್ದರೆ ಚಾರ್ಜ್ ಬ್ಯಾಟರಿಯನ್ನು ಮುಟ್ಟುತ್ತಿಲ್ಲ. ದೋಷ ಚಾವಣಿಗೂ ಬ್ಯಾಟರಿಗೂ ನಡುವಿನ ದಾರಿಯಲ್ಲಿದೆ. 13ರಷ್ಟಕ್ಕೆ ಏರಿ ಅಲ್ಲೇ ತಡವರಿಸುತ್ತಿದ್ದರೆ ಚಾರ್ಜ್ ಬರುತ್ತಿದೆ, ಸಾಲುತ್ತಿಲ್ಲ. 14.4ರ ಸುತ್ತಮುತ್ತ ತಲುಪಿ, ಸಂಜೆಗೆ 13.6ರ ಹತ್ತಿರ ಬಂದು ನಿಂತು, ಆದರೂ ಮರುದಿನ ಬೆಳಿಗ್ಗೆ 12ಕ್ಕೆ ಕುಸಿದಿದ್ದರೆ ದಾರಿ ಸರಿಯಿದೆ. ರಾತ್ರಿ ಏನೋ ಕದ್ದು ಕುಡಿಯುತ್ತಿದೆ, ಇಲ್ಲವೇ ಬ್ಯಾಟರಿಗೆ ಹಿಡಿದಿಡುವ ಶಕ್ತಿ ಉಳಿದಿಲ್ಲ. ಈ ಎರಡು ಅಳತೆಗಳೇ ತನಿಖೆಯನ್ನು ಅರ್ಧ ಮುಗಿಸುತ್ತವೆ. ಉಳಿದದ್ದು ಬ್ಯಾಟರಿಯಿಂದ ಚಾವಣಿಯವರೆಗೆ ಹಿಂದಕ್ಕೆ ನಡೆಯುವ ಕೆಲಸ.

ಮೊದಲು ಸಿಗುವುದು ವೈರ್. ಕಂಟ್ರೋಲರ್‌ನ ಬ್ಯಾಟರಿ ಟರ್ಮಿನಲ್‌ನಲ್ಲಿ ಒಂದು ಅಳತೆ, ಬ್ಯಾಟರಿಯ ಮೇಲೆ ಇನ್ನೊಂದು ಅಳತೆ. ಎರಡರ ವ್ಯತ್ಯಾಸವೇ ದಾರಿಯಲ್ಲಿ ಸೋರಿಹೋಗುವ ವೋಲ್ಟೇಜ್. ಬಿಸಿಲಿನಲ್ಲಿ, ಕರೆಂಟ್ ಹರಿಯುತ್ತಿರುವಾಗಲೇ ಇದನ್ನು ನೋಡಬೇಕು. ಕಂಟ್ರೋಲರ್‌ನಿಂದ ಬ್ಯಾಟರಿಗೆ 5 ಮೀಟರ್ ದೂರ, ಹೋಗಿ ಬರಲು 10 ಮೀಟರ್ ವೈರ್ ಎಂದಿಟ್ಟುಕೊಂಡರೆ, ಮನೆಯ ವೈರಿಂಗಿಗೆ ಬಳಸುವ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದಾಗ ಸುಮಾರು 0.7 ವೋಲ್ಟ್ ನಷ್ಟವಾಗುತ್ತದೆ. 230 ವೋಲ್ಟಿನ ಮನೆಯಲ್ಲಿ ಮುಕ್ಕಾಲು ವೋಲ್ಟ್ ಹೋದರೆ ಯಾರಿಗೂ ತಿಳಿಯದು. ಒಂದು ವೋಲ್ಟಿನ ಅಂತರದಲ್ಲೇ ತುಂಬಿದ್ದು, ಬರಿದಾದದ್ದು ತೀರ್ಮಾನವಾಗುವ 12 ವೋಲ್ಟಿನಲ್ಲಿ ಅದು ದೊಡ್ಡ ಕೊರತೆ. ಕಂಟ್ರೋಲರ್ ತನ್ನ ಬಾಗಿಲಲ್ಲಿ 14.4 ಕಂಡು ಬ್ಯಾಟರಿ ತುಂಬುತ್ತ ಬಂತೆಂದು ಕರೆಂಟ್ ತಗ್ಗಿಸತೊಡಗುತ್ತದೆ. ಬ್ಯಾಟರಿಗೆ ತಲುಪಿದ್ದು 13.7 ಮಾತ್ರ. ಅದೇ ದೂರಕ್ಕೆ 10 ಸ್ಕ್ವೇರ್ ಎಂಎಂ ವೈರ್ ಎಳೆದರೆ ನಷ್ಟ 0.2 ವೋಲ್ಟಿಗೂ ಕಡಿಮೆ. ಕಂಟ್ರೋಲರನ್ನು ಬ್ಯಾಟರಿಯ ಪಕ್ಕಕ್ಕೇ ತಂದು ಕೂರಿಸುವುದು ಇನ್ನೂ ಅಗ್ಗದ ಪರಿಹಾರ.

ವೈರ್ ದಪ್ಪವಿದ್ದೂ ವ್ಯತ್ಯಾಸ ಕಂಡರೆ ಅದು ಕೀಲುಗಳ ಕಾಯಿಲೆ. ಸರಿಯಾಗಿ ಕ್ರಿಂಪ್ ಆಗದ ಲಗ್, ಕುಲುಕಿ ಸಡಿಲವಾದ ಸ್ಕ್ರೂ, ಹಸಿರು ಬಿಳಿ ಪುಡಿ ಕಟ್ಟಿದ ಟರ್ಮಿನಲ್, ತುಕ್ಕು ತಿಂದ ಬಾಡಿ ಅರ್ಥ್ ಬೋಲ್ಟ್ ಇವೆಲ್ಲ ಕರೆಂಟಿಗೆ ಅಡ್ಡಗಾಲು ಹಾಕುತ್ತವೆ. ಹೊರನೋಟಕ್ಕೆ ಸರಿಯಾಗಿಯೇ ಕಾಣುವ ಫ್ಯೂಸಿನ ಹಿಡಿಕೆ ಬಿಸಿಯಾಗಿ ಕಂದಿರುವುದೂ ಉಂಟು. ಕರೆಂಟ್ ಹರಿಯುವಾಗ ಫ್ಯೂಸಿನ ಎರಡು ತುದಿಗೂ ಮೀಟರ್ ಇಟ್ಟರೆ ಸೊನ್ನೆಗೆ ತೀರ ಹತ್ತಿರದ ಅಂಕಿ ಬರಬೇಕು. ಅದಕ್ಕಿಂತ ಹೆಚ್ಚು ಬಂದರೆ ರೋಗ ಅಲ್ಲೇ ಇದೆ. ಟರ್ಮಿನಲ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಎಷ್ಟೋ ‘ಸತ್ತ’ ವ್ಯವಸ್ಥೆಗಳು ಮತ್ತೆ ಉಸಿರಾಡುತ್ತವೆ. ಹೀಗೆ ಬಿಚ್ಚುವಾಗ ಪ್ಯಾನೆಲ್ಲನ್ನು ಮೊದಲು ಕಳಚಿ ಬ್ಯಾಟರಿಯನ್ನು ಕೊನೆಗೆ ಕಳಚಬೇಕು. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಕೊನೆಗೆ. ಬ್ಯಾಟರಿಯಿಲ್ಲದೆ ಪ್ಯಾನೆಲ್ ಮಾತ್ರ ಸಿಕ್ಕರೆ ಕೆಲವು ಕಂಟ್ರೋಲರ್‌ಗಳು ಕೆಡುತ್ತವೆ. 12 ವೋಲ್ಟ್ ಷಾಕ್ ಹೊಡೆಯುವುದಿಲ್ಲ ನಿಜ. ಆದರೆ ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ವೆಲ್ಡಿಂಗ್ ಆಗುವಷ್ಟು ಕರೆಂಟ್ ಹರಿಯುತ್ತದೆ. ಕೈಯ ಉಂಗುರ, ಬಳೆ ತೆಗೆದಿಟ್ಟೇ ಕೆಲಸಕ್ಕಿಳಿಯಬೇಕು.

ಇದೇ ದಾರಿಯಲ್ಲಿ ಇನ್ನೊಂದು ಕಣ್ಣಿಗೆ ಬೀಳದ ಬಲೆ ಬ್ಯಾಟರಿಯ ಮೇನ್ ಸ್ವಿಚ್. ವ್ಯಾನ್ ನಿಲ್ಲಿಸಿಡುವಾಗ ಜಾಗ್ರತೆಯ ಮಾಲೀಕರು ಅದನ್ನು ಆರಿಸುತ್ತಾರೆ. ಸೋಲಾರಿನ ವೈರ್ ಸ್ವಿಚ್ಚಿನ ಲೋಡ್ ಬದಿಗೆ ಸೇರಿದ್ದರೆ ಖರ್ಚಿನ ಜೊತೆಗೆ ಚಾರ್ಜೂ ನಿಂತುಹೋಗುತ್ತದೆ. ಕಂಟ್ರೋಲರ್ ಖಾಲಿ ಬಾಗಿಲಲ್ಲಿ ಕಾಯುತ್ತಿರುತ್ತದೆ, ಬ್ಯಾಟರಿ ತಾನಾಗಿಯೇ ಇಳಿಯುತ್ತಿರುತ್ತದೆ. ಸೋಲಾರಿನ ವೈರ್ ಫ್ಯೂಸಿನ ಮೂಲಕ ನೇರವಾಗಿ ಬ್ಯಾಟರಿಗೆ ಹೋಗಬೇಕು, ಸ್ವಿಚ್ ಖರ್ಚಿನ ಬದಿಯನ್ನು ಮಾತ್ರ ಕತ್ತರಿಸಬೇಕು. ನಿಂತ ವಾಹನದಲ್ಲಿ ಬ್ಯಾಟರಿ ಬರಿದಾಗುವ ಎಷ್ಟೋ ಪ್ರಕರಣಗಳು ಈ ಒಂದು ವೈರಿನ ಜಾಗ ಬದಲಿಸಿದರೆ ಮುಗಿಯುತ್ತವೆ.

ದಾರಿ ಚೊಕ್ಕವಾಗಿದ್ದರೆ ಸರದಿ ಪ್ಯಾನೆಲ್ಲಿನದು. 12 ವೋಲ್ಟಿನದೆಂದು ಮಾರಾಟವಾಗುವ 36 ಸೆಲ್‌ಗಳ ಪ್ಯಾನೆಲ್ ಬಿಸಿಲಿನಲ್ಲಿ, ಯಾವುದಕ್ಕೂ ಜೋಡಿಸದೆ ಇರುವಾಗ 20ರಿಂದ 22 ವೋಲ್ಟ್ ತೋರುತ್ತದೆ. ಕೆಲಸ ಮಾಡುವಾಗ 18ರ ಹತ್ತಿರ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮೀಟರಿನಲ್ಲಿ 21 ವೋಲ್ಟ್ ಕಂಡೊಡನೆ ಪ್ಯಾನೆಲ್ ಸರಿಯಿದೆ ಎಂದುಬಿಡುತ್ತಾರೆ. ಮೋಡದಲ್ಲೂ, ಅರೆನೆರಳಿನಲ್ಲೂ ವೋಲ್ಟೇಜ್ ಸುಮಾರಾಗಿ ಬಂದೇ ಬರುತ್ತದೆ, ಕುಸಿಯುವುದು ಕರೆಂಟ್. 100 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಐದರಿಂದ ಆರು ಆಂಪಿಯರ್ ಕೊಡಬೇಕು. ಅರ್ಧ ಖಾಲಿ ಬ್ಯಾಟರಿ ಇರುವಾಗ, ಡಿಸಿ ಕರೆಂಟ್ ಅಳೆಯಬಲ್ಲ ಕ್ಲಾಂಪ್ ಮೀಟರನ್ನು ಪ್ಯಾನೆಲ್ ವೈರಿಗೆ ಹಾಕಿ ನೋಡಿದರೆ ಸತ್ಯ ಹೊರಬರುತ್ತದೆ. ಬ್ಯಾಟರಿ ತುಂಬಿದ್ದಾಗ ಕಂಟ್ರೋಲರ್ ತಾನೇ ಕರೆಂಟ್ ತಡೆಯುವುದರಿಂದ ಆಗ ಕಾಣುವ ಅರ್ಧ ಆಂಪಿಯರನ್ನು ದೋಷವೆಂದು ತಿಳಿಯಬಾರದು. ಪ್ಯಾನೆಲ್ ಕನೆಕ್ಟರುಗಳನ್ನು ಬಿಸಿಲಲ್ಲಿ ಕರೆಂಟ್ ಹರಿಯುವಾಗ ಎಳೆದರೆ ಕಿಡಿ ಹಾರಿ ಒಳಗಿನ ಲೋಹ ಸುಡುತ್ತದೆ. ಮೇಲೆ ದಪ್ಪ ಕಂಬಳಿ ಹೊದಿಸಿಯೋ ಕತ್ತಲಾದ ಮೇಲೋ ಬಿಚ್ಚುವುದು ಕ್ಷೇಮ.

ಕರೆಂಟ್ ಕಡಿಮೆ ಬಂದರೆ ಮೊದಲು ನೆರಳನ್ನು ಸಂಶಯಿಸಬೇಕು. ಪ್ಯಾನೆಲ್ಲಿನ ಸೆಲ್‌ಗಳು ಒಂದರ ಬೆನ್ನಿಗೆ ಒಂದರಂತೆ ಸರಪಳಿಯಾಗಿ ಬೆಸೆದಿರುತ್ತವೆ. ಎಲ್ಲ ಸೆಲ್‌ಗಳಲ್ಲೂ ಒಂದೇ ಕರೆಂಟ್ ಹರಿಯಬೇಕು. ಒಂದು ಸೆಲ್ ಮೇಲೆ ನೆರಳು ಬಿದ್ದರೆ ಆ ಸಾಲಿಗೆ ಸಾಲೇ ಅದರ ಮಟ್ಟಕ್ಕೆ ಇಳಿಯುತ್ತದೆ. ಬೈಪಾಸ್ ಡಯೋಡ್‌ಗಳು ಆ ಭಾಗವನ್ನು ಬಳಸಿ ದಾಟಿಸುತ್ತವೆ. ಆದರೆ 36 ಸೆಲ್‌ಗಳ ಪ್ಯಾನೆಲ್ಲಿನಲ್ಲಿ ಅರ್ಧ ಭಾಗ ಹೊರಬಿದ್ದರೆ ಉಳಿದ ಒಂಬತ್ತು ಹತ್ತು ವೋಲ್ಟಿನಿಂದ 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗದು. ಚಾವಣಿಯ ಫ್ಯಾನಿನ ಮುಚ್ಚಳ, ಲಗೇಜ್ ರ‍್ಯಾಕ್, ತೆಂಗಿನ ಗರಿ, ಒಂದು ಒಣ ಎಲೆ, ಹಕ್ಕಿಯ ಹಿಕ್ಕೆ ಇಷ್ಟೇ ಸಾಕು. ಎರಡು ಪ್ಯಾನೆಲ್ ಇರುವ ವ್ಯಾನ್ ಮರದಡಿ ನಿಲ್ಲುವುದೇ ಹೆಚ್ಚಾದರೆ ಅವನ್ನು ಸೀರೀಸ್ ಬದಲು ಪ್ಯಾರಲಲ್ ಆಗಿ ಜೋಡಿಸುವುದು ಮೇಲು. ಒಂದಕ್ಕೆ ನೆರಳಾದರೂ ಇನ್ನೊಂದು ದುಡಿಯುತ್ತದೆ.

ಬಿಸಿಲು ಹೆಚ್ಚಿದಷ್ಟೂ ಚಾರ್ಜ್ ಹೆಚ್ಚು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್, ಸೆಲ್‌ನ ಉಷ್ಣತೆ 25 ಡಿಗ್ರಿ ಇರುವಾಗಿನ ಪ್ರಯೋಗಾಲಯದ ಅಳತೆ. ಕಾದ ತಗಡಿನ ಚಾವಣಿಗೆ ಅಂಟಿಸಿದ ಪ್ಯಾನೆಲ್ ಏಪ್ರಿಲ್ ಮಧ್ಯಾಹ್ನ 65 ಡಿಗ್ರಿಗೆ ಏರುವುದು ಅಪರೂಪವಲ್ಲ. ಡಿಗ್ರಿಗೆ ಶೇ 0.4ರಂತೆ ಹಿಡಿದರೂ 40 ಡಿಗ್ರಿ ಏರಿಕೆಗೆ ಶೇ 16ರಷ್ಟು ಉತ್ಪಾದನೆ ಹೋಗುತ್ತದೆ. 18 ವೋಲ್ಟ್ ಕೊಡಬೇಕಾದದ್ದು 15ಕ್ಕೆ ಇಳಿಯುತ್ತದೆ. ಅದರ ಮೇಲೆ ತೆಳು ವೈರಿನ ನಷ್ಟವೂ ಸೇರಿದರೆ 14.4 ತಲುಪುವುದೇ ಕಷ್ಟ. ಪ್ಯಾನೆಲ್ಲಿನ ಕೆಳಗೆ ಎರಡು ಮೂರು ಬೆರಳು ಗಾಳಿಯಾಡುವ ಸಂದು ಬಿಡುವುದು ಇದಕ್ಕೇ.

ಮುಂದಿನ ಶಂಕಿತ ಕಂಟ್ರೋಲರ್. ಇದರಲ್ಲಿ ಎರಡು ಜಾತಿ. ಪಿಡಬ್ಲ್ಯೂಎಂ ಎಂಬ ಅಗ್ಗದ ಬಗೆ ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟೇಜಿಗೇ ಎಳೆದು ಕೂರಿಸುತ್ತದೆ. 18 ವೋಲ್ಟಿನಲ್ಲಿ 5.5 ಆಂಪಿಯರ್ ಕೊಡಬಲ್ಲ 100 ವ್ಯಾಟಿನ ಪ್ಯಾನೆಲ್ 13 ವೋಲ್ಟಿನಲ್ಲೂ ಅಷ್ಟೇ ಆಂಪಿಯರ್ ಕೊಡುವುದರಿಂದ ಬ್ಯಾಟರಿಗೆ ಸಿಗುವುದು 71 ವ್ಯಾಟ್ ಚಿಲ್ಲರೆ. ಎಂಪಿಪಿಟಿ ಬಗೆಯದು ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸಿ ಆ ನಷ್ಟದ ಬಹುಪಾಲನ್ನು ಉಳಿಸುತ್ತದೆ. ನಿಜವಾದ ಅನಾಹುತ ಆಗುವುದು ಮನೆಯ ಚಾವಣಿಗೆಂದು ಮಾಡಿದ 60 ಅಥವಾ 72 ಸೆಲ್‌ಗಳ ದೊಡ್ಡ ಪ್ಯಾನೆಲ್ಲನ್ನು ಅಗ್ಗವಾಗಿ ಸಿಕ್ಕಿತೆಂದು ಪಿಡಬ್ಲ್ಯೂಎಂ ಕಂಟ್ರೋಲರಿಗೆ ಜೋಡಿಸಿದಾಗ. 330 ವ್ಯಾಟ್ ಎಂದು ಬರೆದಿರುತ್ತದೆ, ಬ್ಯಾಟರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ ತಲುಪುತ್ತದೆ.

ಕಂಟ್ರೋಲರ್ ಒಳ್ಳೆಯದಿದ್ದರೂ ಅದರ ಸೆಟಿಂಗ್ ತಪ್ಪಿರಬಹುದು. ನೀರು ಹಾಕುವ ಲೆಡ್-ಆಸಿಡ್, ಎಜಿಎಂ, ಜೆಲ್, ಲಿಥಿಯಂ ಈ ನಾಲ್ಕಕ್ಕೂ ಬೇರೆ ಬೇರೆ ಚಾರ್ಜಿಂಗ್ ವೋಲ್ಟೇಜ್. ಲೆಡ್-ಆಸಿಡ್‌ಗೆ ಸಾಮಾನ್ಯವಾಗಿ 14.4ರಿಂದ 14.8ರವರೆಗೆ ಏರಿಸಿ ಕೆಲವು ಗಂಟೆ ಹಿಡಿದಿಟ್ಟು, ಬಳಿಕ 13.5ರಿಂದ 13.8ಕ್ಕೆ ಇಳಿಸಬೇಕು. ಜೆಲ್ ಬ್ಯಾಟರಿಗೆ ಇಷ್ಟು ಏರಿಸಿದರೆ ಅದು ಕೆಡುತ್ತದೆ. ಜೆಲ್ ಸೆಟಿಂಗ್ ಇಟ್ಟು ಮಾಮೂಲಿ ಬ್ಯಾಟರಿ ಕೂರಿಸಿದರೆ ಅದು ಎಂದೂ ಪೂರ್ತಿ ತುಂಬದು. ಲೆಡ್-ಆಸಿಡ್ ತೆಗೆದು ಲಿಥಿಯಂ ಹಾಕಿದವರು ಕಂಟ್ರೋಲರಿಗೆ ಆ ಸುದ್ದಿ ಮುಟ್ಟಿಸಲು ಮರೆಯುವುದು ತೀರ ಸಾಮಾನ್ಯ. ಉಷ್ಣತೆಯ ಹೊಂದಾಣಿಕೆಯೂ ಬೇಕು: 12 ವೋಲ್ಟಿನ ಲೆಡ್-ಆಸಿಡ್‌ಗೆ 25 ಡಿಗ್ರಿಯಿಂದ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.02 ವೋಲ್ಟಿನಂತೆ ಚಾರ್ಜಿಂಗ್ ವೋಲ್ಟೇಜ್ ಇಳಿಸಬೇಕು. ಎಂಜಿನ್ ಪಕ್ಕದ ಬಿಸಿಯಲ್ಲಿ ಕೂತ ಕಂಟ್ರೋಲರ್ ತನ್ನ ಮೈ ಬಿಸಿಯನ್ನೇ ಬ್ಯಾಟರಿಯ ಬಿಸಿ ಎಂದು ತಿಳಿದರೆ ಅಗತ್ಯಕ್ಕಿಂತ ಹೆಚ್ಚು ಇಳಿಸಿ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿಡುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಜಮಾ-ಖರ್ಚು ಬರೆದು ನೋಡಬೇಕು. 200 ವ್ಯಾಟ್ ಪ್ಯಾನೆಲ್, 100 ಆಂಪಿಯರ್-ಅವರ್ ಲೆಡ್-ಆಸಿಡ್ ಬ್ಯಾಟರಿ ಇರುವ ಒಂದು ವ್ಯಾನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಬೇಸಿಗೆಯ ಕರ್ನಾಟಕದಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಗಂಟೆಗಳು ದಿನಕ್ಕೆ ಐದು ಎಂದಿಟ್ಟುಕೊಂಡು, ಬಿಸಿ, ಧೂಳು, ಮಟ್ಟಸ ಮಲಗಿದ ಪ್ಯಾನೆಲ್, ವೈರಿನ ನಷ್ಟಕ್ಕೆಂದು ಶೇ 30 ಕಳೆದರೆ ಆದಾಯ 700 ವ್ಯಾಟ್-ಅವರ್, ಅಂದರೆ ಸುಮಾರು 54 ಆಂಪಿಯರ್-ಅವರ್. ಖರ್ಚಿನಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ 40, ಚಾವಣಿಯ ಫ್ಯಾನಿಗೆ 16, ದೀಪಗಳಿಗೆ 4, ಫೋನು, ಲ್ಯಾಪ್‌ಟಾಪಿಗೆ 10 ಸೇರಿ 70. ಇದರ ಜೊತೆ ಏನೂ ಓಡಿಸದಿದ್ದರೂ ಆನ್ ಆಗಿಯೇ ಉಳಿದ ಇನ್ವರ್ಟರ್ ಗಂಟೆಗೆ 0.8 ಆಂಪಿಯರ್-ಅವರ್‌ನಂತೆ ದಿನಕ್ಕೆ 19 ನುಂಗುತ್ತದೆ. ಒಟ್ಟು 89. ದಿನಕ್ಕೆ 35ರ ಸಾಲ. ಲೆಡ್-ಆಸಿಡ್‌ನಲ್ಲಿ ಅರ್ಧದಷ್ಟನ್ನೇ ಬಳಸಬೇಕೆಂಬ ನಿಯಮದಂತೆ ಕೈಯಲ್ಲಿರುವ ಬಂಡವಾಳ 50; ಎರಡನೆಯ ದಿನ ಮುಗಿಯುವ ಮೊದಲೇ ಅದು ದಿವಾಳಿ. ಯಾವ ಭಾಗವೂ ಕೆಟ್ಟಿಲ್ಲ, ಲೆಕ್ಕ ಕೆಟ್ಟಿದೆ. ಇಲ್ಲಿ ಹೊಸ ಬ್ಯಾಟರಿ ತಂದರೆ ದಿವಾಳಿಯ ದಿನ ಮುಂದಕ್ಕೆ ಹೋಗಬಹುದೇ ಹೊರತು ತಪ್ಪದು.

ನಿಂತ ವಾಹನದ ಲೆಕ್ಕ ಇನ್ನೂ ಸೂಕ್ಷ್ಮ. ಎಲ್ಲ ಆರಿಸಿದ ಮೇಲೂ ಗ್ಯಾಸ್ ಸೋರಿಕೆ ಎಚ್ಚರಿಸುವ ಡಿಟೆಕ್ಟರ್, ಸ್ಟೀರಿಯೊದ ಗಡಿಯಾರ, ಇನ್ವರ್ಟರಿನ ರಿಮೋಟ್, ಯುಎಸ್‌ಬಿ ಸಾಕೆಟ್ಟಿನ ನೀಲಿ ದೀಪ ಸದಾ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತವೆ. ಎಲ್ಲ ಸೇರಿ ಕಾಲು ಆಂಪಿಯರ್ ಎಂದರೂ ದಿನಕ್ಕೆ 6 ಆಂಪಿಯರ್-ಅವರ್. 100ರ ಬ್ಯಾಟರಿ 16–17 ದಿನದಲ್ಲಿ ತಳ ಕಾಣುತ್ತದೆ. ವಾಹನ ಬಿಸಿಲಲ್ಲಿದ್ದರೆ ಪ್ಯಾನೆಲ್ ಇದನ್ನು ಸಲೀಸಾಗಿ ತುಂಬಿಕೊಡುತ್ತದೆ. ಆದರೆ ನಿಲ್ಲಿಸಿಡುವವರು ಬಣ್ಣ ಮಾಸಬಾರದೆಂದು ಶೆಡ್ಡಿನೊಳಗೆ ನಿಲ್ಲಿಸುತ್ತಾರೆ, ಇಲ್ಲವೇ ಮೇಲೆ ಟಾರ್ಪಾಲ್ ಹೊದಿಸುತ್ತಾರೆ. ಆದಾಯ ಸೊನ್ನೆ, ಖರ್ಚು ಮಾತ್ರ ಹಾಗೆಯೇ. ಕ್ಯಾಂಪರ್ ಹೆಚ್ಚು ಬಳಕೆಯಲ್ಲಿರುವ ಯುರೋಪಿನಲ್ಲಿ ಈ ತೊಂದರೆ ಚಳಿಗಾಲದ್ದು. ಡಿಸೆಂಬರಿನ ಲಂಡನ್ನಿನಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಹೊತ್ತು ದಿನಕ್ಕೆ ಒಂದು ಗಂಟೆಯೂ ಸಿಗುವುದಿಲ್ಲ. ಕರಾವಳಿ, ಮಲೆನಾಡುಗಳಲ್ಲಿ ಇದು ಮಳೆಗಾಲದ ಕಥೆ. ದಟ್ಟ ಮೋಡದಡಿ ಪ್ಯಾನೆಲ್ ತನ್ನ ಸಾಮರ್ಥ್ಯದ ಹತ್ತರಲ್ಲೊಂದು ಪಾಲಿನಿಂದ ನಾಲ್ಕರಲ್ಲೊಂದು ಪಾಲಿನಷ್ಟು ಮಾತ್ರ ಕೊಡುತ್ತದೆ. ಈ ಸಣ್ಣ ಕಳ್ಳರನ್ನು ಹಿಡಿಯಲು ರಾತ್ರಿ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಮೀಟರನ್ನು ಆಂಪಿಯರ್ ಅಳತೆಗಿಟ್ಟು ನಡುವೆ ಜೋಡಿಸಬೇಕು; ಒಂದೊಂದೇ ಫ್ಯೂಸ್ ಕೀಳುತ್ತ ಹೋದರೆ ಯಾವುದಕ್ಕೆ ಅಂಕಿ ಇಳಿಯಿತೋ ಅಲ್ಲಿದೆ ಸೋರಿಕೆ.

ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್ ಚಾರ್ಜ್ ಮಾಡುತ್ತದಲ್ಲ ಎಂಬ ಸಮಾಧಾನವೂ ಈಗ ಗಟ್ಟಿಯಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದ ಬಳಿಕದ ಹಲವು ವಾಹನಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರ್ ತನ್ನ ವೋಲ್ಟೇಜನ್ನು ಆಗಾಗ ಇಳಿಸುತ್ತದೆ. ಹಳೆಯ ರೀತಿಯ ರಿಲೇ ಮೂಲಕ ಜೋಡಿಸಿದ, ವ್ಯಾನಿನೊಳಗಿನ ಬಳಕೆಯ ಬ್ಯಾಟರಿಗೆ ಅದರಿಂದ ಸಿಗುವುದು ಅಷ್ಟಕ್ಕಷ್ಟೆ. ನಡುವೆ ಆ ಇಳಿದ ವೋಲ್ಟೇಜನ್ನು ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಇದ್ದರೆ ಮಾತ್ರ ಪ್ರಯಾಣದ ಗಂಟೆಗಳು ನಿಜವಾಗಿ ಜಮಾ ಆಗುತ್ತವೆ.

ಕೊನೆಯಲ್ಲಿ ಬ್ಯಾಟರಿ. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ಲೆಡ್-ಆಸಿಡ್ ಬ್ಯಾಟರಿ ರೂಪಿಸಿದಂದಿನಿಂದ ಅದರ ಸ್ವಭಾವ ಬದಲಾಗಿಲ್ಲ: ಖಾಲಿಯಾಗುವಾಗ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂಡುತ್ತದೆ, ಚಾರ್ಜ್ ಆಗುವಾಗ ಕರಗುತ್ತದೆ. ವಾರಗಟ್ಟಲೆ ಅರ್ಧ ಖಾಲಿಯಾಗಿಯೇ ಇದ್ದರೆ ಆ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಅಷ್ಟರ ಮಟ್ಟಿಗೆ ಸಾಮರ್ಥ್ಯ ಶಾಶ್ವತವಾಗಿ ಹೋದಂತೆಯೇ. ಮೊದಲ ಶೇ 80 ತುಂಬುವುದು ಬೇಗ. ಕೊನೆಯ ಶೇ 20ಕ್ಕೆ ಹಲವು ಗಂಟೆ ಬೇಕು. ಅಷ್ಟರಲ್ಲಿ ಸೂರ್ಯ ಇಳಿದಿರುತ್ತಾನೆ. ದಿನವೂ ಮುಕ್ಕಾಲಿಗೇ ನಿಲ್ಲುವ ಬ್ಯಾಟರಿ ಹೀಗೆ ನಿಧಾನವಾಗಿ ಕುಗ್ಗುತ್ತದೆ. ವೈರಿನ ನಷ್ಟ, ತಪ್ಪು ಸೆಟಿಂಗ್, ಮರದ ನೆರಳುಗಳೆಲ್ಲ ಕೊನೆಗೆ ಈ ಸಲ್ಫೇಟಿನ ರೂಪದಲ್ಲೇ ಬ್ಯಾಟರಿಯ ಮೇಲೆ ಬಂದು ಕೂರುತ್ತವೆ.

ಬ್ಯಾಟರಿಯೇ ಅಪರಾಧಿಯೋ ಎಂಬುದಕ್ಕೆ ಮೂರು ಪರೀಕ್ಷೆ ಸಾಕು. ನೀರು ಹಾಕುವ ಬಗೆಯಾದರೆ ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇದೆಯೇ ನೋಡಿ, ಪೂರ್ತಿ ಚಾರ್ಜ್ ಮಾಡಿ, ಹೈಡ್ರೋಮೀಟರಿನಿಂದ ಆರೂ ಸೆಲ್‌ಗಳ ಆಸಿಡ್ಡಿನ ಸಾಪೇಕ್ಷ ಸಾಂದ್ರತೆ ಅಳೆಯಬೇಕು. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.050ಕ್ಕೂ ಹೆಚ್ಚು ಕೆಳಗಿದ್ದರೆ ಆ ಸೆಲ್ ಸೋತಿದೆ. ಎರಡನೆಯದಾಗಿ, ತುಂಬಿದ ಬ್ಯಾಟರಿಯ ಎಲ್ಲ ವೈರ್ ಕಳಚಿ ಎರಡು ದಿನ ಬಿಡಬೇಕು. ಏನೂ ಎಳೆಯದೆ ಇದ್ದರೂ 12.6ರಿಂದ 12.2ಕ್ಕೆ ಇಳಿದರೆ ಒಳಗೇ ಸೋರುತ್ತಿದೆ. ಮೂರನೆಯದು ಸಾಮರ್ಥ್ಯದ್ದು. ಕಾರಿನ ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ಹೆಚ್ಚುಕಡಿಮೆ 5 ಆಂಪಿಯರ್ ಎಳೆಯುತ್ತದೆ. ಆರೋಗ್ಯವಂತ 100 ಆಂಪಿಯರ್-ಅವರ್ ಬ್ಯಾಟರಿ ಅದನ್ನು ಹತ್ತು ಗಂಟೆ ಉರಿಸಿ, ವಿಶ್ರಾಂತಿಯ ಬಳಿಕ 12.1ರ ಹತ್ತಿರ ನಿಲ್ಲಬೇಕು. ಮೂರು ನಾಲ್ಕು ಗಂಟೆಗೇ ಆ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿದಿದೆ. ಎಂಜಿನ್ ಸ್ಟಾರ್ಟ್ ಮಾಡಲೆಂದು ರೂಪಿಸಿದ ಬ್ಯಾಟರಿಯನ್ನು ಫ್ರಿಜ್ ನಡೆಸಲು ಕೂರಿಸಿದ್ದರೆ ಈ ಫಲಿತಾಂಶದಲ್ಲಿ ಅಚ್ಚರಿಯಿಲ್ಲ; ಅದರ ತೆಳು ಪ್ಲೇಟುಗಳು ಆಳವಾಗಿ ಬರಿದಾಗುವುದನ್ನು ತಾಳಲಾರವು. ಹಳೆಯ ಬ್ಯಾಟರಿಯ ಪಕ್ಕಕ್ಕೆ ಹೊಸದೊಂದನ್ನು ಪ್ಯಾರಲಲ್ ಆಗಿ ಜೋಡಿಸುವ ಉಳಿತಾಯವೂ ದುಬಾರಿಯೇ. ಸೋತದ್ದು ಗಟ್ಟಿಯದನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ.

ತನಿಖೆಯ ಕ್ರಮವೇ ಇಲ್ಲಿ ಅರ್ಧ ಪರಿಹಾರ. ಬೆಳಗಿನ ವೋಲ್ಟೇಜ್, ನಡುಹಗಲಿನ ವೋಲ್ಟೇಜ್, ವೈರಿನ ಎರಡು ತುದಿಯ ವ್ಯತ್ಯಾಸ, ಪ್ಯಾನೆಲ್ಲಿನ ಕರೆಂಟ್, ಕಂಟ್ರೋಲರಿನ ಸೆಟಿಂಗ್, ದಿನದ ಜಮಾ-ಖರ್ಚು, ಎಲ್ಲ ಮುಗಿದ ಮೇಲೆ ಬ್ಯಾಟರಿಯ ಪರೀಕ್ಷೆ. ಇವಕ್ಕೆ ಬೇಕಾದದ್ದು ಒಂದು ಹಗಲು, ಒಂದು ರಾತ್ರಿ, ಒಂದೆರಡು ಮೀಟರ್, ಬ್ಯಾಟರಿಯ ಮೇಲೇ ಸಂಶಯ ಉಳಿದರೆ ಇನ್ನು ಮೂರು ನಾಲ್ಕು ದಿನ. ಮಳೆಗಾಲಕ್ಕೆ ವ್ಯಾನ್ ನಿಲ್ಲಿಸುವವರು ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಖರ್ಚಿನ ಬದಿಯ ಮೇನ್ ಸ್ವಿಚ್ ಆರಿಸಿ, ತಿಂಗಳಿಗೊಮ್ಮೆ ಮನೆಯ ಕರೆಂಟಿನಿಂದ ಚಾರ್ಜ್ ಕೊಟ್ಟರೆ ಸಾಕು. ಲಿಥಿಯಂ ಆದರೆ ಅರ್ಧದಷ್ಟು ತುಂಬಿಸಿ ವೈರ್ ಕಳಚಿಡಬಹುದು. ಹೊಸ ಬ್ಯಾಟರಿ ಕೊಳ್ಳುವುದು ಈ ಪಟ್ಟಿಯ ಕೊನೆಯ ಹೆಜ್ಜೆ. ಅದನ್ನೇ ಮೊದಲು ಇಟ್ಟವರು ಅದನ್ನು ಎರಡು ಸಲ ಇಡಬೇಕಾಗುತ್ತದೆ.